ಬೀಗರಿಂದ ಕೊಂಡ ಕಂಪ್ರೆಸರ್

ಬೀಗರ ಸಾಮಾನನ್ನು ಯಾರೂ ತಟ್ಟಿ ನೋಡಿ ಕೊಳ್ಳುವುದಿಲ್ಲ. ನಾನೂ ನೋಡಲಿಲ್ಲ. ಮಾಗಡಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡವನು, ಹಳೇ ಟ್ಯೂಬನ್ನೂ ಬೆಳಕಿಗೆ ಹಿಡಿದು ನೋಡಿಯೇ ತೆಗೆದುಕೊಳ್ಳುವವನು, ಅವತ್ತು ಮಾತ್ರ ಕಣ್ಣು ಮುಚ್ಚಿಕೊಂಡು ಹೂಂ ಅಂದುಬಿಟ್ಟೆ.

ತಂಗಿಯನ್ನು ನೋಡಲು ಕೋಡಿಹಳ್ಳಿ ಕಡೆಯಿಂದ ಗಂಡಿನವರು ಬಂದಿದ್ದರು. ಅಪ್ಪ ಇಲ್ಲದ ಮನೆ, ಮಾತುಕತೆಯೆಲ್ಲ ನನ್ನ ತಲೆಗೇ. ಉಪ್ಪಿಟ್ಟು ಕಾಫಿ ಮುಗಿಸಿ ಹುಡುಗನ ತಂದೆ ನನ್ನ ಅಂಗಡಿಯತ್ತ ಬಂದರು. ಹಾರೋಹಳ್ಳಿಯಲ್ಲಿ ಲಾರಿ ಗ್ಯಾರೇಜ್ ನಡೆಸಿ, ಆಗತಾನೇ ಅದನ್ನು ಮುಚ್ಚಿದ್ದವರು. ನನ್ನ ಪುಟ್ಟ ಕಂಪ್ರೆಸರ್ ನೋಡಿ ನಕ್ಕರು.

"ಇದ್ಯಾವ ಆಟದ್ ಸಾಮಾನಪ್ಪ ಮಡಿಕಂಡಿದ್ದೀಯ? ನಮ್ದೊಂದು ಐತೆ, ಬೆಲ್ಟಿಂದು, ಎರಡು ಸಿಲಿಂಡರು. ಬ್ಯಾರೇರ್ಗಾದ್ರೆ ಕೊಡ್ತಿರ್ಲಿಲ್ಲ. ನಿಂಗೆ ಬುಟ್ಕೊಡ್ತೀನಿ."

ತಂಗಿಗೆ ಮೊದಲು ಬಂದಿದ್ದ ಸಂಬಂಧ ಹೀಗೇ ಯಾವುದೋ ಚಿಕ್ಕ ಮಾತಿಗೆ ತಪ್ಪಿಹೋಗಿತ್ತು. ಈ ಹುಡುಗ ಅವಳಿಗೆ ಹಿಡಿಸಿದ್ದ. ಬೇಡ ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಮುಂದಿನ ವಾರವೇ ಕಂಪ್ರೆಸರ್ ಅಂಗಡಿ ಮುಂದೆ ಇಳಿಯಿತು. ಟ್ಯಾಂಕಿಗೆ ಹೊಸ ಬಣ್ಣ, ಮೇಲೆ ಅವರ ಗ್ಯಾರೇಜಿನ ಹೆಸರು ದಪ್ಪ ಕೆಂಪಕ್ಷರದಲ್ಲಿ.

ಸಣ್ಣಪುಟ್ಟ ರಿಪೇರಿಗೆ ನಾನು ಹೆದರುವವನಲ್ಲ. ಬೆಲ್ಟ್ ಬಿರುಕು ಬಿಟ್ಟಿತ್ತು. ಹೊಸದು ಹಾಕಿ, ಹೆಬ್ಬೆರಳಲ್ಲಿ ಒತ್ತಿದರೆ ಚೂರು ಬಾಗುವಷ್ಟಕ್ಕೆ ಮೋಟಾರು ಸರಿಸಿ ಬಿಗಿ ಮಾಡಿದೆ. ಆಯಿಲ್ ಅಂಟಾಗಿತ್ತು, ಬದಲಿಸಿದೆ. ಫಿಲ್ಟರ್ ಬಿಚ್ಚಿ ಧೂಳು ಕೊಡವಿದೆ. ಆಮೇಲೆ, ಟ್ಯಾಂಕಿನಲ್ಲಿ ಸೇರುವ ನೀರನ್ನು ಬಿಡಲು ಅಡಿಯಲ್ಲೊಂದು ನಲ್ಲಿ ಇರುತ್ತದಲ್ಲ, ಅದನ್ನು ತಿರುಗಿಸಿದೆ. ಹನಿಯೂ ಬರಲಿಲ್ಲ. ತಂತಿ ಹಾಕಿ ಕೆದಕಿದ ಮೇಲೆ ಅಂಬಲಿಯಷ್ಟು ಮಂದವಾದ ಕೆಂಪು ನೀರು ಸುರಿಯಿತು, ಜೊತೆಗೆ ತುಕ್ಕಿನ ಚಕ್ಕೆಗಳು. ಪುಣ್ಯಾತ್ಮರು ಯಾವ ಕಾಲದಿಂದ ನೀರು ಬಿಟ್ಟಿರಲಿಲ್ಲವೋ. ಸ್ಪ್ಯಾನರಿನಲ್ಲಿ ತಟ್ಟಿದೆ. ಮೇಲೆ ಠಣ್ ಅಂದದ್ದು ಅಡಿಯಲ್ಲಿ ಎಣ್ಣೆ ಡಬ್ಬದ ಹಾಗೆ ಡಬಡಬ ಅಂದಿತು. ತುಕ್ಕು ಒಳಗಿಂದಲೇ ತಿಂದು ತಗಡು ಅಷ್ಟು ತೆಳುವಾಗಿತ್ತು. ಪೂರಾ ಗಾಳಿ ತುಂಬಿದರೆ ಅದು ಒಂದಲ್ಲ ಒಂದು ದಿನ ಸಿಡಿಯುತ್ತದೆ, ಸಿಡಿದರೆ ಪಕ್ಕದಲ್ಲಿದ್ದವರು ಉಳಿಯುವುದಿಲ್ಲ.

"ವಾಪಸ್ ಕೊಟ್ಬುಡಿ" ಅಂದ ಹೆಂಡತಿಯೇ ಮರುಗಳಿಗೆ ದನಿ ತಗ್ಗಿಸಿದಳು. "ಬ್ಯಾಡ, ಸುಮ್ಕಿರಿ. ಲಗ್ನಪತ್ರಿಕೆ ಆಗೋಗೈತೆ. ನೀವು ಮಾಲು ಸರಿಯಿಲ್ಲ ಅಂದ್ರೆ ನಾಳೆ ಅವ್ರು ಹೆಣ್ಣು ಸರಿಯಿಲ್ಲ ಅಂತಾರೆ."

ಬೇರೆ ಟ್ಯಾಂಕ್ ಹಾಕಿಸೋಣವೆಂದರೆ ಅವರ ಕಡೆಯವರು ಓಡಾಡುವುದು ಇದೇ ರಸ್ತೆಯಲ್ಲಿ. ಆ ಕೆಂಪಕ್ಷರ ಕಾಣದಿದ್ದರೆ ಯಾಕೆ ಏನು ಅಂತ ಕೇಳದೆ ಬಿಡುವ ಜನವಲ್ಲ. ಅರ್ಧ ಗಾಳಿಗೇ ಮೋಟಾರು ನಿಲ್ಲುವ ಹಾಗೆ ಸ್ವಿಚ್ಚಿನ ಸ್ಕ್ರೂ ತಿರುಗಿಸಿಟ್ಟೆ. ಬೈಕಿಗೆ ಅಷ್ಟು ಸಾಕು. ಟ್ರ್ಯಾಕ್ಟರ್, ಟೆಂಪೋ ಬಂದರೆ ಕರೆಂಟಿಲ್ಲ ಅನ್ನುತ್ತಿದ್ದೆ, ತಲೆ ಮೇಲೆ ಫ್ಯಾನು ಗಿರಗಿರ ತಿರುಗುತ್ತಿರುವಾಗಲೇ. ದಿನಾ ಬೆಳಿಗ್ಗೆ ಆ ಶನಿಗೆ ಊದುಬತ್ತಿ ಬೆಳಗಿ, ನೀರು ಬಿಟ್ಟು, ಬೆಲ್ಟ್ ಒತ್ತಿ ನೋಡಿ, ಉಸಿರು ಬಿಗಿಹಿಡಿದು ಸ್ವಿಚ್ ಹಾಕುತ್ತಿದ್ದೆ. ನನ್ನ ಅಂಗಡಿಯಲ್ಲಿ ನಾನೇ ಕಳ್ಳನ ಹಾಗಿದ್ದೆ. ಮದುವೆ ಆದರೆ ಪೀಡೆ ಕಳೆಯುತ್ತದೆ ಅಂದುಕೊಂಡಿದ್ದೆ. ಮದುವೆ ಆಯಿತು, ಕಳೆದದ್ದೆಲ್ಲಿ? ತಂಗಿ ಅದೇ ಮನೆಯಲ್ಲಿ ಬಾಳಬೇಕಲ್ಲ.

ಸಿಕ್ಕಾಗಲೆಲ್ಲ ಅವಳ ಮಾವ, "ಹೆಂಗೈತಪ್ಪ ನಮ್ ಕಂಪ್ರೆಸರು?"

"ಚೆನ್ನಾಗೈತೆ ಮಾವ."

ಮೊನ್ನೆ ಮಾಗಡಿಯಲ್ಲಿ ತೆಂಗಿನಕಾಯಿ ಲೋಡು ತುಂಬಿಕೊಳ್ಳಲು ಟೆಂಪೋ ತಂದವರು, ಅಮ್ಮನನ್ನು ನೋಡಲೆಂದು ತಂಗಿಯನ್ನೂ ಕರೆತಂದಿದ್ದರು. ಹೊರಡುವ ಮುಂಚೆ ಗಾಳಿ ಹಿಡಿಸಲೆಂದು ಟೆಂಪೋವನ್ನು ಅಂಗಡಿ ಮುಂದೆ ನಿಲ್ಲಿಸಿ, ಟ್ಯಾಂಕಿನ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ತಂಗಿ ಟೀ ತಂದುಕೊಟ್ಟಳು. ಇವರಿಗೆ ಕರೆಂಟಿಲ್ಲ ಅನ್ನುವುದು ಹೇಗೆ? ಟೈರಿಗೆ ಪೈಪು ಸಿಕ್ಕಿಸಿ ಮೋಟಾರು ಹಾಕಿದೆ. ಅದು ಅರ್ಧಕ್ಕೇ ನಿಂತಿತು.

"ಪೂರಾ ಬುಡಪ್ಪ, ಲೋಡ್ ಹಾಕ್ಬೇಕು" ಅಂದರು.

ಸ್ಕ್ರೂ ಹಿಂದಕ್ಕೆ ತಿರುಗಿಸಿ ಪೂರಾ ಗಾಳಿಗೆ ಇಟ್ಟೆ. ಆದದ್ದಾಗಲಿ, ಹೇಳಿಬಿಡೋಣ, ಅಲ್ಲಿಂದ ಏಳಿಸೋಣ ಎಂದು ಮತ್ತೆ ಮೋಟಾರು ಹಾಕಿ ತಿರುಗಿದರೆ ಸ್ಟೂಲು ಖಾಲಿ. ಟೀ ಲೋಟವನ್ನು ತಂಗಿಯ ಕೈಗಿಟ್ಟು ಅವರು ಆಗಲೇ ರಸ್ತೆ ದಾಟಿ ಹೊಂಗೆ ಮರದ ಹಿಂದೆ ನಿಂತಿದ್ದರು. ಅವಳು ಟ್ಯಾಂಕಿನ ಪಕ್ಕದಲ್ಲೇ ಇದ್ದಳು. ಅವರು ಅವಳನ್ನು ನೋಡಿದರು. ಬಾಮ್ಮ ಈ ಕಡೆ ಅಂತ ಒಂದು ಮಾತು ಅನ್ನಲಿಲ್ಲ.

ಮೀಟರಿನ ಮುಳ್ಳು ಏರುತ್ತಲೇ ಇತ್ತು. ಮೋಟಾರು ಆಫ್ ಮಾಡಿದೆ.

"ಯಾಕಪ್ಪ ನಿಲ್ಲುಸ್ದೆ?" ಎಂದು ಆ ಕಡೆಯಿಂದಲೇ ಕೂಗಿದರು.

ಮೈಯೆಲ್ಲ ಉರಿಯುತ್ತಿತ್ತು. ಬಾಯಿಗೆ ಬಂದದ್ದು ಮಾತ್ರ, "ತುಂಬ್ತು ಮಾವ."

ಅವರು ಬಂದು ಟೈರನ್ನು ಕಾಲಲ್ಲಿ ಒದ್ದು ನೋಡಿದರು. ಅರ್ಧ ತುಂಬಿದ ಟೈರೆಂದು ಗ್ಯಾರೇಜ್ ನಡೆಸಿದವರಿಗೆ ತಿಳಿಯದೆ ಇರುತ್ತದೆಯೇ? "ಹೂಂ, ಸಾಕು. ಹತ್ತಮ್ಮ" ಅಂದರು.

ಎರಡು ದಿನ ಇದ್ದು ಹೋಗು ಅಂತ ತಂಗಿಗೆ ನಾನು ಅನ್ನಬಹುದಿತ್ತು. ಅವಳು ಲೋಟ ತೊಳೆದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದಳು.

"ಅಣ್ಣ, ನೀನು ಅದ್ರ ಪಕ್ಕ ನಿಂತ್ಕಬ್ಯಾಡ" ಎಂದು ಮೆಲ್ಲಗೆ ಹೇಳಿ, ಹೋಗಿ ಮಾವನ ಪಕ್ಕದ ಸೀಟಿಗೆ ಹತ್ತಿ ಕುಳಿತಳು.