ಚಂದ್ರಣ್ಣನ ಕಿವಿಗಳು

ಬಳ್ಳಾರಿಯಲ್ಲಿ ಆ ಕಾಲಕ್ಕೆ ತೀರಿಕೊಂಡವರಲ್ಲಿ ಬಹಳ ಜನಕ್ಕೆ ಚಂದ್ರಣ್ಣನ ಕಿವಿಗಳಿವೆ. ಬ್ರೂಸ್‌ಪೇಟೆಯ ಹತ್ತಿ ವ್ಯಾಪಾರಿಯ ಅಜ್ಜನಿಗೆ, ಕೌಲ್‌ಬಜಾರಿನ ವಕೀಲರ ತಾಯಿಗೆ, ಇನ್ನೂ ಎಷ್ಟೋ ಮನೆಗಳ ಹಿರಿಯರಿಗೆ. ಕೆನ್ನೆಯಿಂದ ಬಿಡಿಸಿಕೊಂಡು ಕೆಳಗೆ ತೂಗುವ ಉದ್ದನೆಯ ಹಾಲೆಯ ಕಿವಿಗಳು. ಅವನು ಜೋರಾಗಿ ನಕ್ಕರೆ ಅವು ಅಲ್ಲಾಡುತ್ತಿದ್ದವು.

ಒಂದು ಫೋಟೋ ಕೂಡ ತೆಗೆಸದೆ ಹೋದವರ ಪಟ ಬರೆಯುವುದು ಚಂದ್ರಣ್ಣನ ಕಸುಬು. ಸತ್ತವರ ಅಣ್ಣತಮ್ಮಂದಿರು, ಮಕ್ಕಳು, ಮೊಮ್ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿಕೊಂಡು ಒಬ್ಬರಿಂದ ಮೂಗು, ಇನ್ನೊಬ್ಬರಿಂದ ಹಣೆ ತೆಗೆದುಕೊಳ್ಳುತ್ತಿದ್ದ. ಕಿವಿಗೆ ಮಾತ್ರ ಹಲಗೆಯ ಮೂಲೆಗೆ ಕಟ್ಟಿಕೊಂಡ ಸಣ್ಣ ಕನ್ನಡಿಯಲ್ಲಿ ತನ್ನದನ್ನೇ ನೋಡಿ ಬರೆಯುತ್ತಿದ್ದ.

“ಕಿವಿ ಯಾರು ನೆನಪಿಟ್ಟಿರತಾರಲೇ ಬಿಎ? ಮೂಗಿಗೆ ಜಗಳಾಡತಾರ, ಗದ್ದ ನೋಡಿ ಅಳತಾರ. ಕಿವಿ ಹೆಂಗಿತ್ತು ಅಂದ್ರ ಒಬ್ಬರ ಮಾರಿ ಒಬ್ಬರು ನೋಡತಾರ.”

ನನ್ನನ್ನು ಅವನು ಕರೆಯುತ್ತಿದ್ದುದೇ ಬಿಎ ಎಂದು. ಬಳ್ಳಾರಿಯ ಒಬ್ಬರೇ ಡ್ರಾಯಿಂಗ್ ಮಾಸ್ತರರ ಕೈಕೆಳಗೆ ಕಲಿತವರು ನಾವು. ಇಬ್ಬರೂ ಒಂದೇ ರೈಲಿನಲ್ಲಿ ಮದರಾಸಿಗೆ ಹೋದೆವು. ನಾನು ಬಿಎ ಓದಲು ಕಾಲೇಜು ಸೇರಿ, ಸಂಜೆ ಒಬ್ಬ ಚಿತ್ರಕಾರರ ಮನೆಯಲ್ಲಿ ತೈಲವರ್ಣ ಕಲಿತೆ. ಅವನು ಚಿತ್ರಕಲೆಯ ಶಾಲೆ ಸೇರಿ, ಓದು ಮುಗಿಯುವ ಮೊದಲೇ ಬಿಟ್ಟು ಬಂದ. ಯಾಕೆಂದು ಕೇಳಿದರೆ, “ಜೀವ ಇರೋರನ್ನ ಎದುರಿಗೆ ಕುಂದ್ರಿಸಿ ಬರಿ ಅಂತಾರ. ಅದರಾಗೇನೈತಿ? ತಪ್ಪಿದ್ರ ನೋಡಿ ತಿದ್ದಿಕೋಬಹುದು” ಎಂದ.

ಜಂಬ ಬಹಳ. ರೇಷ್ಮೆ ಜುಬ್ಬಾ, ಅತ್ತರು, ತಾಂಬೂಲ. ಪಟ ಮುಗಿದ ಮೇಲೆ ಮನೆಯವರೆಲ್ಲ ಬಂದು ನಿಲ್ಲುವವರೆಗೆ ಮುಸುಕು ತೆಗೆಯುತ್ತಿರಲಿಲ್ಲ. “ಈ ಜಿಲ್ಲಾದಾಗ ನನ್ನಂಥಾವ ಇನ್ನೊಬ್ಬ ಇಲ್ಲ” ಎಂದು ನನ್ನೆದುರಿಗೇ ಹೇಳುತ್ತಿದ್ದ. ಸುಳ್ಳಾಗಿದ್ದರೆ ನಗಬಹುದಿತ್ತು.

ನಾನು ಮದರಾಸಿನಲ್ಲಿದ್ದಾಗಲೇ, ಎರಡನೇ ಮಹಾಯುದ್ಧದ ದಿನಗಳಲ್ಲಿ, ನಮ್ಮೂರು ಕುರುಗೋಡಿನಲ್ಲಿ ಅವ್ವ ತೀರಿಕೊಂಡಳು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದವಳು, ಒಂದೂ ಇರಲಿಲ್ಲ. ಬಣ್ಣದ ಟ್ಯೂಬು ಸಿಗದ ಕಾಲದಲ್ಲಿ ಅವರಿವರ ಕೈಕಾಲು ಹಿಡಿದು ಬಣ್ಣ ಕೂಡಿಸಿ, ನಾನು ಅವಳನ್ನು ನೆನಪಿನಿಂದ ಬರೆದೆ. ಅದು ನಾನು ಬರೆದ ಚಿತ್ರಗಳಲ್ಲೆಲ್ಲ ಉತ್ತಮವಾದದ್ದು ಎಂದು ಇವತ್ತಿಗೂ ಅನ್ನಿಸುತ್ತದೆ. ರಜೆಯಲ್ಲಿ ಊರಿಗೆ ಒಯ್ದು ಅಪ್ಪನ ಮುಂದಿಟ್ಟೆ. ಅಪ್ಪ ಬಹಳ ಹೊತ್ತು ನೋಡಿದ.

“ಚೊಲೊ ಬರದೀಯಪಾ. ಸೀರಿ ಅಕೀದ ಐತಿ,” ಎಂದ. ಆಮೇಲೆ ಮೆಲ್ಲಗೆ, “ಆದ್ರ ಇಕಿ ಯಾರು?”

ಮರುವಾರವೇ ಚಂದ್ರಣ್ಣನಿಗೆ ಹೇಳಿ ಕಳಿಸಿದ.

ಅವನು ಬಣ್ಣದ ಪೆಟ್ಟಿಗೆ, ಕನ್ನಡಿಯ ಸಮೇತ ನಮ್ಮ ಮನೆಗೆ ಬಂದು ಇಳಿದ. ಸಿರುಗುಪ್ಪದಿಂದ ಅವ್ವನ ಅಕ್ಕ, ನನ್ನ ದೊಡ್ಡವ್ವನನ್ನು ಕರೆಸಿದ. ಆಕೆ ಕೂರುತ್ತಲೇ, “ಗದ್ದ ಬೇಕಾದ್ರ ತಗೊಳಪ್ಪ, ಹಲ್ಲು ಬ್ಯಾಡ. ನನ್ನ ಹಲ್ಲು ಹಾಕಿದ್ರ ನನ್ನ ತಂಗಿ ಎದ್ದು ಬಂದು ಹೊಡೀತಾಳ” ಎಂದಳು. ಚಂದ್ರಣ್ಣ ನನಗೆ ಕಿಟಕಿಯ ಪಕ್ಕ ಓರೆಯಾಗಿ ಕೂರಲು ಹೇಳಿದ.

“ಯಾಕ?” ಎಂದೆ.

“ಎದುರಿಗೆ ಕುಂತು ನನ್ನ ಕೈ ನೋಡಬ್ಯಾಡ, ಕೈ ನಡುಗತೈತಿ. ಪುಸ್ತಕ ಹಿಡಕೊಂಡು ಓದು. ಬಿಎ ಓದಾಕ ಹತ್ತೀ ಅಲ್ಲ?”

ದೊಡ್ಡವ್ವ ನಕ್ಕಳು. ನಾನು ಪುಸ್ತಕ ಹಿಡಿದು ಕೂತೆ. ಒಂದು ಪುಟವೂ ಮುಂದೆ ಹೋಗಲಿಲ್ಲ.

ಅವನು ಅವ್ವನ ಮುಖದ ಬಗ್ಗೆ ಅಪ್ಪನನ್ನು ಏನೂ ಕೇಳಲಿಲ್ಲ. ಸಿಟ್ಟು ಬಂದರೆ ಏನು ಮಾಡುತ್ತಿದ್ದಳು ಎಂದು ಕೇಳಿದ.

“ಬಯ್ಯಾಕಿ ಅಲ್ಲ,” ಎಂದ ಅಪ್ಪ. “ನಾ ನಶ್ಯ ಏರಿಸೋದು ಅಕಿಗಿ ಸೇರತಿದ್ದಿಲ್ಲ. ಡಬ್ಬಿ ಕಡೆ ಒಮ್ಮಿ ನೋಡಿ ಸುಮ್ಮನಾಗಾಕಿ.”

“ಪಟ ಎಲ್ಲಿ ಹಾಕತೀರಿ? ನೀವು ಕುಂದ್ರೋ ಜಾಗ ಯಾವುದರಿ?”

ಅಪ್ಪ ತೋರಿಸಿದ. ಚಂದ್ರಣ್ಣ ಎದ್ದು ಹೋಗಿ ಆ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಗೋಡೆಯನ್ನು ನೋಡಿ ಬಂದ. ಇಷ್ಟು ನನಗೆ ಚೆನ್ನಾಗಿ ನೆನಪಿದೆ. ಅಥವಾ ದೊಡ್ಡವ್ವ ಮುಂದೆ ನೂರು ಸಲ ಹೇಳಿದ್ದರಿಂದ ನೆನಪಿದೆ ಎಂದುಕೊಂಡಿದ್ದೇನೆ.

ಪಟ ಗೋಡೆಗೇರಿತು. ಮುಸುಕು ತೆಗೆದಾಗ ಅಪ್ಪ ತನ್ನ ಜಾಗದಲ್ಲಿ ಕೂತಿದ್ದ. ತಲೆಯೆತ್ತಿ ನೋಡಿದವನು ಕೈಯಲ್ಲಿದ್ದ ನಶ್ಯದ ಡಬ್ಬಿಯನ್ನು ತಟ್ಟನೆ ಅಂಗಿಯ ಜೇಬಿಗೆ ಇಳಿಸಿದ.

ನನ್ನ ಚಿತ್ರ ಒಳಗಿನ ಕೋಣೆಗೆ, ಕಾಳಿನ ಚೀಲಗಳ ಹಿಂದಕ್ಕೆ ಹೋಯಿತು. ಯಾರು ಒಯ್ದಿಟ್ಟರೆಂದು ನಾನು ಕೇಳಲಿಲ್ಲ.

ಅಸೂಯೆ ಎಂದರೆ ಸಾಲದು. ಅಂದಿನಿಂದ ಅವ್ವನನ್ನು ನೆನೆದರೆ ನನಗೆ ಕಾಣುವುದು ಅವನು ಬರೆದ ಮುಖ. ರೊಟ್ಟಿ ಬಡಿಯುವ ಅವ್ವ, ಜ್ವರ ಬಂದಾಗ ಹಣೆಗೆ ಕೈಯಿಟ್ಟ ಅವ್ವ, ಎಲ್ಲರಿಗೂ ಆ ಪಟದ ಮುಖವೇ ಬಂದು ಕೂತುಕೊಂಡಿತು. ಅವಳನ್ನು ಇಪ್ಪತ್ತು ವರ್ಷ ಕಂಡವನು ನಾನು. ಅವನು ಒಂದು ಸಲವೂ ಕಂಡವನಲ್ಲ. ನನಗಿದ್ದ ಸಮಾಧಾನ ಒಂದೇ. ಸೆರಗಿನ ಅಂಚಿನಿಂದ ಇಣುಕುವ ಆ ಕಿವಿ ಅವನದು, ಅಷ್ಟಾದರೂ ಸುಳ್ಳು ಎಂದುಕೊಳ್ಳುತ್ತಿದ್ದೆ. ಹತ್ತಿರ ಹೋಗಿ ನೋಡಿರಲಿಲ್ಲ. ಆ ಪಟದ ಹತ್ತಿರ ನಾನು ಹೋಗುತ್ತಲೇ ಇರಲಿಲ್ಲ.

ಬಳ್ಳಾರಿ ಮೈಸೂರಿಗೋ ಆಂಧ್ರಕ್ಕೋ ಎಂದು ಊರೆಲ್ಲ ಜಗಳಾಡುತ್ತಿದ್ದ ದಿನಗಳಲ್ಲಿ ಅವನನ್ನು ಕೊನೆಯ ಸಲ ನೋಡಿದೆ. ನಾನು ಆಗ ಅಲ್ಲೇ ಹೈಸ್ಕೂಲಿನಲ್ಲಿ ಮಾಸ್ತರ. ಕೆಮ್ಮಿ ಕೆಮ್ಮಿ ಅವನ ಜುಬ್ಬಾ ಸಡಿಲಾಗಿತ್ತು. ಅತ್ತರು ಮಾತ್ರ ಹಾಗೇ ಇತ್ತು.

“ಇನ್ನೂ ಬರೀತೀಯೇನಲೇ ಬಿಎ?”

“ಬರೀತೀನಿ.”

“ಯಾರನ್ನ?”

ಅವನು ಬೆನ್ನು ತಟ್ಟಿ ಹೋದ.

ಅವನು ತೀರಿಕೊಂಡ ಮೇಲೆ ಅವನ ಹೆಂಡತಿ ಮನೆಗೆ ಬಂದರು. “ಅಣ್ಣಾರ, ಅವರದೊಂದು ಪಟ ಬರ್ಕೊಡ್ರಿ. ಫೋಟೋ ತೆಗಿಸಿಕೊಳ್ರಿ ಅಂದ್ರ, ನನ್ನ ಮಾರಿ ಮಿಷಿನ್ನಿಗೆ ಯಾಕ ಕೊಡಲಿ ಅಂತಿದ್ರು. ಮಕ್ಕಳಿಲ್ಲ, ಯಾರನ್ನ ನೋಡಿ ಬರೀತೀರೋ ಗೊತ್ತಿಲ್ಲ. ಊರಾಗ ಎಲ್ಲಾರ ಮನ್ಯಾಗೂ ಅವರ ಕಿವಿ ಅದಾವು, ನಮ್ಮ ಮನ್ಯಾಗ ಇಲ್ಲ.”

ಅವ್ವನ ಪಟದಲ್ಲಿರುವ ಅವನ ಕಿವಿಯಿಂದಲೇ ಶುರುಮಾಡೋಣವೆಂದು ಕುರುಗೋಡಿಗೆ ಹೋದೆ. ಸ್ಟೂಲು ಹತ್ತಿ, ಕಾಗದ ಪೆನ್ಸಿಲು ಹಿಡಿದು, ಮೊದಲ ಸಲ ಅವ್ವನ ಮುಖಕ್ಕೆ ಮುಖ ಕೊಟ್ಟು ನಿಂತೆ.

ಅದು ಚಂದ್ರಣ್ಣನ ಕಿವಿಯಾಗಿರಲಿಲ್ಲ. ಹಾಲೆಯೇ ಇಲ್ಲದ, ನೇರವಾಗಿ ಕೆನ್ನೆಗೆ ಇಳಿದ ಪುಟ್ಟ ಕಿವಿ. ಚಿಕ್ಕವನಿದ್ದಾಗ ನನ್ನ ಕಿವಿ ಚುಚ್ಚಲು ಬಂದ ಅಕ್ಕಸಾಲಿಗ, ಎಲ್ಲಿ ಚುಚ್ಚಲಿ, ಜಾಗವೇ ಇಲ್ಲವಲ್ಲ ಎಂದು ಗೊಣಗಿದ್ದನಂತೆ. ಕಿಟಕಿಯ ಪಕ್ಕ ನನ್ನನ್ನು ಓರೆಯಾಗಿ ಕೂರಿಸಿದ್ದು ಯಾಕೆಂದು ಆ ಸ್ಟೂಲಿನ ಮೇಲೆ ತಿಳಿಯಿತು. ಅವ್ವನ ಕಿವಿ ಹಾಗಿತ್ತೇ? ಗೊತ್ತಿಲ್ಲ. ಕೆಳಗೆ ಅಪ್ಪ, ಡಬ್ಬಿ ಜೇಬಿನಲ್ಲಿಟ್ಟುಕೊಂಡೇ, “ಏನ್ ಹುಡುಕಾಕ ಹತ್ತೀದಿ?” ಎಂದು ಕೇಳಿದ.

“ಏನಿಲ್ಲಪ್ಪ.”

ಮರುದಿನ ಬ್ರೂಸ್‌ಪೇಟೆಗೆ ಹೋಗಿ, ಹತ್ತಿ ವ್ಯಾಪಾರಿಯ ಅಜ್ಜನ ಪಟದಿಂದ ಚಂದ್ರಣ್ಣನ ಕಿವಿಗಳನ್ನು ಬರೆದುಕೊಂಡು ಬಂದೆ. ಉಳಿದದ್ದನ್ನು ನೆನಪಿನಿಂದ ಬರೆದು ಮುಗಿಸಿ ಅವನ ಮನೆಗೆ ಒಯ್ದೆ. ಆಕೆ ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಕಿವಿ ಥೇಟ್ ಅವರವೇ, ಅಣ್ಣಾರ,” ಎಂದರು.

ಮತ್ತೇನಾದರೂ ಹೇಳುತ್ತಾರೆಂದು ನಾನು ಕಾದು ನಿಂತಿದ್ದೆ. ಆಕೆ ಕುಡಿಯಲು ನೀರು ತರಲು ಒಳಗೆ ಹೋದರು.