ಕಡಲಿಗೆ ಸಿಹಿನೀರು ಉಣಿಸುವ ಪೈಪಕ್ಕ

ನಾನು ಚಿಕ್ಕವಳಿದ್ದಾಗ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಕಲ್ಲುಪ್ಪಿನ ಗೋಣಿಚೀಲ ಸದಾ ಇರುತ್ತಿತ್ತು. ಮೋಡ ಕವಿದ ದಿನ ಅದು ಬೆವರುತ್ತಿತ್ತು. ಆಗ ಏಳುವ ಒದ್ದೆ ಗೋಣಿಯ ಉಪ್ಪುಪ್ಪು ವಾಸನೆ ನನಗೆ ಬಲು ಇಷ್ಟ. ಕಣ್ಣಾಮುಚ್ಚಾಲೆಯಲ್ಲಿ ಅದರ ಹಿಂದೆಯೇ ಅಡಗಿ ಪ್ರತಿ ಸಲ ಸಿಕ್ಕಿಬೀಳುತ್ತಿದ್ದೆ. ಆ ವಾಸನೆ ಇಷ್ಟು ವರ್ಷಗಳ ಮೇಲೆ, ಬೆಳಕು ಹರಿಯುವ ಹೊತ್ತಿನಲ್ಲಿ, ಪರಿಚಯವಿಲ್ಲದವರ ನಡುಮನೆಯಲ್ಲಿ ಮೂಗಿಗೆ ಬಡಿಯುತ್ತದೆ. ಪೈಪಕ್ಕ ಉಪ್ಪಿನ ಬಕೆಟ್ಟಿನ ಮುಚ್ಚಳ ತೆಗೆದಿದ್ದಾರೆ.

ಹೆಗಲಿಗೆ ಯಾವಾಗಲೂ ಪೈಪಿನ ಸುರುಳಿ ತೂಗುಹಾಕಿಕೊಂಡು ಬರುವುದರಿಂದ ಎಲ್ಲರ ಬಾಯಲ್ಲೂ ಅವರು ಪೈಪಕ್ಕ. ಮನೆಗಳಲ್ಲಿ ಜೀವಂತ ಹವಳದ ತೊಟ್ಟಿ ಕೂಡಿಸಿಕೊಡುವುದು, ಆಮೇಲೆ ವಾರಕ್ಕೊಮ್ಮೆ ಬಂದು ಅದನ್ನು ನೋಡಿಕೊಳ್ಳುವುದು ಅವರ ಕೆಲಸ. ಅದನ್ನು ನೋಡಲೆಂದೇ ನಾನು ಇವತ್ತು ಅವರ ಜೊತೆ ಬಂದಿದ್ದೇನೆ. ಈ ಮನೆಯ ತೊಟ್ಟಿ ಗೋಡೆಯುದ್ದಕ್ಕೂ ಇದೆ. ನೀಲಿ ಬೆಳಕಿನಲ್ಲಿ ಕಿತ್ತಳೆ ಬಣ್ಣದ ಜೋಡಿ ಮೀನು ನಮ್ಮನ್ನೇ ನೋಡುತ್ತ ನಿಂತಿವೆ.

"ನೋಡೋರಿಗೆ ಗಾಜು, ಲೈಟು, ಮೀನು ಅಷ್ಟೇ ಅಮ್ಮ," ಎನ್ನುತ್ತ ಅವರು ತೊಟ್ಟಿಯ ಕೆಳಗಿನ ಕಪಾಟು ತೆರೆಯುತ್ತಾರೆ. "ಸಂಸಾರ ನಡೆಯೋದು ಇಲ್ಲಿ."

ಒಳಗೆ ಇನ್ನೊಂದು ತೊಟ್ಟಿ. ಮೇಲಿನ ನೀರು ಇಲ್ಲಿಗಿಳಿದು, ಕೊಳೆ ಬಿಟ್ಟು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಕೊಳೆಯನ್ನು ನೊರೆ ಎಬ್ಬಿಸಿ ತೆಗೆಯುವ ಯಂತ್ರ ಒಂದು ಮೂಲೆಯಲ್ಲಿ ಬುಸುಗುಡುತ್ತದೆ. ಪಕ್ಕದಲ್ಲಿ ಹೀಟರ್, ಕರೆಂಟು ಹೋದರೆ ಕೈಹಿಡಿಯುವ ಬ್ಯಾಟರಿ. ಮೇಲೆ ಅಲೆ ಎಬ್ಬಿಸಲು ಅಂಗೈಯಷ್ಟು ಫ್ಯಾನು. "ಜನ ಮೊದಲು ಮೀನು ತಂದುಬಿಡ್ತಾರೆ, ಆಮೇಲೆ ನನಗೆ ಫೋನ್ ಮಾಡ್ತಾರೆ. ಸೊಸೆನ ಮನೆ ತುಂಬಿಸ್ಕೊಂಡು ಆಮೇಲೆ ಬಚ್ಚಲು ಕಟ್ಟಿಸಿದ ಹಾಗೆ!"

ಪೈಪಕ್ಕನ ಗಂಡ ನಲ್ಲಿ ರಿಪೇರಿಯವರು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಯಾರದೋ ಮನೆಯ ಹವಳದ ತೊಟ್ಟಿಗೆ ಪೈಪು ಜೋಡಿಸುವ ಕೆಲಸ ಅರ್ಧಕ್ಕೆ ನಿಂತಿತ್ತು. ಹೆಂಡತಿ ಹೋಗಿ ಮುಗಿಸಿಕೊಟ್ಟರು. ಅಲ್ಲಿಂದ ಇದೇ ದಾರಿಯಾಯಿತು. ಈಗ ಗಂಡ ಮನೆಯಲ್ಲಿ ಕೂತು ಪೈಪು ಕತ್ತರಿಸಿ, ಅಂಟು ಹಾಕಿ, ಜೋಡಿಸಿ ಕೊಡುತ್ತಾರೆ. "ಅವಳು ಸಮುದ್ರಕ್ಕೆ ಹೋಗ್ತಾಳೆ, ನಾನು ದಡ ಕಾಯ್ತೀನಿ" ಎನ್ನುವುದು ಅವರ ತಮಾಷೆ. "ದಡದಲ್ಲಿ ಕೂತೇ ನನಗೆ ಈಜೋದು ಹೇಳ್ಕೊಡ್ತಾರೆ" ಎನ್ನುವುದು ಇವರ ಉತ್ತರ.

ದಿನಕ್ಕೆ ನಾಲ್ಕೈದು ಮನೆ. ಲಿಫ್ಟಿಲ್ಲದ ಕಡೆ ನೀರಿನ ಕ್ಯಾನು ಹೊತ್ತೇ ಹತ್ತಬೇಕು. ಉಪ್ಪುನೀರಿಗೆ ಬೆರಳುಗಳೆಲ್ಲ ಬಿರಿದಿವೆ. ಬಿಸಿ ಅನ್ನ, ಸಾರು ತಾಗಿದರೆ ಉರಿ. ಹಾಗಾಗಿ ಚೀಲದಲ್ಲಿ ಒಂದು ಚಮಚ ಇಟ್ಟುಕೊಂಡಿರುತ್ತಾರೆ. "ಚಮಚದಲ್ಲಿ ತಿಂದ್ರೆ ಊಟ ಮಾಡಿದ ಹಾಗೇ ಆಗಲ್ಲ. ಆದ್ರೆ ಏನ್ಮಾಡೋದು?" ನಮ್ಮ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಯಾರೋ ನಿಂತು ಕೇಳಿಸಿಕೊಂಡದ್ದು ನನ್ನ ಕಣ್ಣಿಗೆ ಬೀಳುತ್ತದೆ. ಈ ಮನೆಗೆ ಹೊಸದಾಗಿ ಸೇರಿದ ಅಡುಗೆಯಾಕೆ.

ಅಷ್ಟರಲ್ಲಿ ಪೈಪಕ್ಕನ ಮುಖ ಬದಲಾಗುತ್ತದೆ. ಲೈಟು ಬಂದು ಇಷ್ಟು ಹೊತ್ತಾದರೂ ದೊಡ್ಡ ಹವಳ ಅರಳಿಲ್ಲ. ಮುಷ್ಟಿ ಬಿಗಿದಂತೆ ಮುದುಡಿದೆ. ಅವರು ಒಂದು ಹನಿ ನೀರನ್ನು ಉಪ್ಪು ಅಳೆಯುವ ಪುಟ್ಟ ಕೊಳವೆಯ ಗಾಜಿನ ಮೇಲೆ ಬಿಟ್ಟು, ಕಿಟಕಿಯತ್ತ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಇನ್ನೊಮ್ಮೆ ನೋಡುತ್ತಾರೆ.

"ಉಪ್ಪು ಏರಿಬಿಟ್ಟಿದೆ ಮೇಡಂ," ಎಂದು ಒಳಕೋಣೆಯತ್ತ ಕೂಗುತ್ತಾರೆ.

ಮನೆಯೊಡತಿ ಓಡಿ ಬರುತ್ತಾರೆ. ಹೆಬ್ಬೆರಳಿನಷ್ಟಿದ್ದ ಚೂರನ್ನು ತಂದು ಅಂಗೈಯಗಲ ಬೆಳೆಸಿದ ಹವಳ ಅದು. "ಉಳಿಯುತ್ತಾ?" ಎನ್ನುತ್ತಾರೆ. ಆಮೇಲೆ ಗಟ್ಟಿಯಾಗಿ, "ಯಾರು ಇದಕ್ಕೆ ನೀರು ಹಾಕಿದ್ದು?"

"ನಾನೇ ಮೇಡಂ." ಅಡುಗೆಯಾಕೆ ಬಾಗಿಲಿನಿಂದ ಈಚೆ ಬರುತ್ತಾರೆ. "ನೀರು ದಿನಾ ಇಳೀತಾ ಇತ್ತು. ಕೆಳಗೆ ಎರಡು ಕ್ಯಾನ್ ಇದ್ವು, ಅದರಿಂದ ಹಾಕ್ದೆ. ಒಂದರದ್ದು ಬಾಯಿಗಿಟ್ಟು ನೋಡಿದ್ರೆ ಸಪ್ಪೆ. ಸಮುದ್ರದ ಮೀನಲ್ವಾ, ಸಪ್ಪೆ ನೀರಲ್ಲಿ ಹೇಗಿರ್ತಾವೆ ಪಾಪ ಅಂತ, ಉಪ್ಪಿರೋದನ್ನೇ ಹಾಕ್ದೆ."

ಅಡುಗೆ ಬಲ್ಲವರು ಮಾತ್ರ ಮಾಡಬಹುದಾದ ತಪ್ಪು. ತೊಟ್ಟಿಯಿಂದ ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಈ ಮನೆಯೊಳಗಿನ ಕಡಲಿಗೆ ದಿನವೂ ಸೇರಿಸಬೇಕಾದದ್ದು ಸಿಹಿನೀರು. ಉಪ್ಪುನೀರು ವಾರಕ್ಕೊಮ್ಮೆ ಹಳೆಯ ನೀರು ಬದಲಿಸಲು. ಒಡತಿಯ ತುಟಿ ಬಿಗಿದಿದೆ. ಅಡುಗೆಯಾಕೆ ಸೆರಗಿನ ತುದಿ ಹಿಂಡುತ್ತಿದ್ದಾರೆ. ಕೆಲಸ ಇವತ್ತಿಗೆ ಮುಗಿಯಿತೆಂದು ಆ ಕೈಗಳೇ ಹೇಳುತ್ತಿವೆ.

ಪೈಪಕ್ಕ ಕಪಾಟಿನೊಳಗೆ ತಲೆ ಹಾಕುತ್ತಾರೆ. ಇಳಿದಷ್ಟು ಸಿಹಿನೀರನ್ನು ತಾನಾಗಿ ತುಂಬಿಸಬೇಕಾದ ತೇಲುಗುಂಡು ಅಲ್ಲಿದೆ. ಅದಕ್ಕೆ ಉಪ್ಪು ಹರಳುಗಟ್ಟಿ, ಗುಂಡು ಅಲುಗದಂತೆ ಕಚ್ಚಿಕೊಂಡಿದೆ. ಹರಳನ್ನು ಉಗುರಿನಿಂದ ಕೆರೆದು ತೆಗೆದು ಒಡತಿಯ ಮುಂದೆ ಹಿಡಿಯುತ್ತಾರೆ.

"ಇದನ್ನ ಒರೆಸಬೇಕಾಗಿದ್ದು ನಾನು. ಹೋದ ವಾರ ಮರೆತೆ. ಎರಡು ಕ್ಯಾನೂ ಒಂದೇ ಥರ ಇಟ್ಟು ಹೋಗಿದ್ದೂ ನಾನೇ. ಈಯಮ್ಮ ನೀರು ಇಳೀತಿದೆ ಅಂತ ನೋಡಿದ್ರಲ್ಲ, ನೋಡದೆ ಬಿಟ್ಟಿದ್ರೆ ಪಂಪು ಸುಟ್ಟುಹೋಗಿರೋದು. ಬೈಯೋದಿದ್ರೆ ನನಗೆ ಬೈಯಿರಿ ಮೇಡಂ."

ಒಡತಿ ಹರಳನ್ನು ನೋಡುತ್ತಾರೆ, ಹವಳವನ್ನು ನೋಡುತ್ತಾರೆ. ಬೈಯುವುದಿಲ್ಲ.

ಒಂದೇ ಸಲ ಸಿಹಿನೀರು ಸುರಿಯುವಂತಿಲ್ಲ, ಹವಳ ತಡೆಯದು. ಪೈಪಕ್ಕ ಸ್ವಲ್ಪ ಉಪ್ಪುನೀರು ತೆಗೆದು, ಸಣ್ಣ ಕೊಳವೆಯಲ್ಲಿ ಸಿಹಿನೀರು ತೊಟ್ಟಿಕ್ಕುವಂತೆ ಮಾಡುತ್ತಾರೆ. ಆಮೇಲೆ ಚೀಲದಲ್ಲಿದ್ದ ಹಳೆಯ ಕೆಂಪು ಸೀರೆಯಿಂದ ಒಂದು ಚೂರು ಹರಿದು ಉಪ್ಪಿನ ಕ್ಯಾನಿನ ಕತ್ತಿಗೆ ಕಟ್ಟುತ್ತಾರೆ. "ಕೆಂಪು ಮುಟ್ಟಬೇಡ. ನಾನು ಬರೋವರೆಗೆ ಈ ಹನಿ ನಿಲ್ಲದ ಹಾಗೆ ನೀನೇ ನೋಡ್ಕೋಬೇಕು ತಂಗಿ" ಎಂದು ಅಡುಗೆಯಾಕೆಗೇ ಒಪ್ಪಿಸುತ್ತಾರೆ.

ಮುಂದಿನ ವಾರ ನಾನೂ ಅವರ ಜೊತೆ ಹೋಗುತ್ತೇನೆ. ಬಾಗಿಲು ತೆರೆದ ಅಡುಗೆಯಾಕೆ ನಮ್ಮನ್ನು ಒಳಗೆ ಕರೆಯುವುದನ್ನೂ ಮರೆತು ತೊಟ್ಟಿಯತ್ತ ಕೈ ತೋರಿಸುತ್ತಾರೆ. ಹವಳ ಪೂರ್ತಿ ಅರಳಿಲ್ಲ. ಆದರೆ ಮುಷ್ಟಿ ಸಡಿಲಿದೆ. ಅಂಚಿನಲ್ಲಿ ಎಳೆಗಳು ಹೊರಬಂದು ಅಲೆಯ ಜೊತೆ ತೊನೆಯುತ್ತಿವೆ. ಪೈಪಕ್ಕ ಹನಿ ಪರೀಕ್ಷಿಸಿ ತಲೆಯಾಡಿಸುತ್ತಾರೆ.

ಈ ಕೆಲಸದಲ್ಲಿ ಏನಾದರೂ ಆಸೆ ಇದೆಯೇ ಎಂದು ಅವರನ್ನು ಕೇಳುತ್ತೇನೆ. "ನಾನು ಬಂದುಹೋಗಿದ್ದು ಮೀನಿಗೆ ಗೊತ್ತಾಗಬಾರದು. ಅಷ್ಟಾದ್ರೆ ಕೆಲಸ ಸರಿಯಾಯ್ತು ಅಂತ."

ಹೊರಡುವಾಗ ಅಡುಗೆಯಾಕೆ ಮೆಟ್ಟಿಲವರೆಗೂ ಬಂದು ಒಂದು ಡಬ್ಬಿ ಮುಂದೆ ಹಿಡಿಯುತ್ತಾರೆ. ಇನ್ನೂ ಬಿಸಿಯಾಗಿದೆ. ಮುಚ್ಚಳದ ಮೇಲೆ, ಕೆಂಪು ಬಟ್ಟೆಯ ಚೂರಿನಿಂದ ಕಟ್ಟಿದ ಒಂದು ಚಮಚ.

"ಉಪ್ಪು ಹಾಕಿದ್ದೀಯೇನೇ?" ಎನ್ನುತ್ತಾರೆ ಪೈಪಕ್ಕ.

"ಒಂದೇ ಸಲ ಹಾಕಿದ್ದೀನಕ್ಕ."

ಪೈಪಕ್ಕ ಪೈಪಿನ ಸುರುಳಿ ಕೆಳಗಿಟ್ಟು, ಬಿರಿದ ಎರಡೂ ಕೈಗಳಿಂದ ಡಬ್ಬಿ ತೆಗೆದುಕೊಳ್ಳುತ್ತಾರೆ.