ಬೆರಳಿನಿಂದ ಬಳಿದ ಮಸಿ

ನಮ್ಮ ಬೀದಿಯ ಬಂದೂಕಿನ ಅಂಗಡಿಯಲ್ಲಿ ಮರದ ಕೆಲಸ ಮಾಡುವವಳನ್ನು ಎಲ್ಲರೂ ಉಳಿಯಕ್ಕ ಎನ್ನುತ್ತಾರೆ. ಆ ಮನೆಗೆ ಸೊಸೆಯಾಗಿ ಬಂದಾಗ ಅವಳು ಉಳಿ ಹಿಡಿದವಳೇ ಅಲ್ಲ. ಗಂಡ ತೀರಿಕೊಂಡ ವರ್ಷವೇ ಮಾವನ ಕಣ್ಣೂ ಮಂಜಾಗತೊಡಗಿತು. ಮೈದುನನಿಗೆ ಗಿರಾಕಿಗಳೊಡನೆ ಮಾತಾಡುವುದು ಚೆನ್ನಾಗಿ ಬರುತ್ತಿತ್ತು, ಮರದ ಕೆಲಸದತ್ತ ಮಾತ್ರ ಮನಸ್ಸಿರಲಿಲ್ಲ. ಹಾಗಾಗಿ ಮಾವ ಸೊಸೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ತಪ್ಪಿದರೆ ಬೈಯುತ್ತಿರಲಿಲ್ಲ. ಕೆಟ್ಟ ತುಂಡನ್ನು ಅವಳ ಕೈಯಿಂದಲೇ ಒಲೆಗೆ ಹಾಕಿಸುತ್ತಿದ್ದರು. ಮೊದಲ ವರ್ಷ ಮನೆಗೆ ಸೌದೆಯೇ ಬೇಕಾಗಲಿಲ್ಲ ಎಂದು ಅವಳು ಈಗಲೂ ನಗುತ್ತಾಳೆ.

ಬಂದೂಕಿನ ಮರದ ಹಿಡಿಯಲ್ಲಿ ಉದ್ದಕ್ಕೂ ತೋಡು ಕೊರೆದು ಕಬ್ಬಿಣದ ನಳಿಗೆಯನ್ನು ಕೂರಿಸುವುದು ಆ ಕೆಲಸದಲ್ಲೆಲ್ಲ ಕಷ್ಟದ್ದು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ನಳಿಗೆಗೆ ತೆಳ್ಳಗೆ ಸವರಬೇಕು. ತೋಡಿನಲ್ಲಿಟ್ಟು ಒತ್ತಿ ಎತ್ತಬೇಕು. ಮರಕ್ಕೆ ಮಸಿ ಹತ್ತಿದ ಕಡೆ ಮಾತ್ರ ಕೂದಲೆಳೆಯಷ್ಟು ಕೆರೆಯಬೇಕು. ಮತ್ತೆ ಮಸಿ, ಮತ್ತೆ ಒತ್ತುವುದು. ಇನ್ನೂರು ಸಲವಾದರೂ ಆದೀತು. ಕೊನೆಗೊಂದು ದಿನ ತೋಡಿನ ತುಂಬ ಎಳ್ಳು ಚೆಲ್ಲಿದಂತೆ ಮಸಿಯ ಚುಕ್ಕೆಗಳು ಬೀಳುತ್ತವೆ, ಅಂದರೆ ನಳಿಗೆ ಎಲ್ಲೆಡೆ ಮರಕ್ಕೆ ತಾಗಿ ಕೂತಿದೆ ಎಂದರ್ಥ. ಆಗ ಮಾವ ಬೆರಳಾಡಿಸಿ ನೋಡಿ, ಪೆಟ್ಟಿಗೆಯಿಂದ ತಮ್ಮ ಗುರುತಿನ ಅಚ್ಚು ತೆಗೆದುಕೊಡುತ್ತಾರೆ. ಅದನ್ನು ತೋಡಿನ ತಳದಲ್ಲಿ ಹೊಡೆಯುವುದು. ನಳಿಗೆ ಕೂತ ಮೇಲೆ ಆ ಗುರುತು ಯಾರಿಗೂ ಕಾಣದು.

ಹೋದ ವರ್ಷ ಕಾಡು ಕಾಯುವವನೊಬ್ಬ ತನ್ನ ಬಂದೂಕಿಗೆ ಹೊಸ ಹಿಡಿ ಬೇಕೆಂದು ಬಂದ. ಹಳೆಯದು ಗುಂಡು ಹಾರಿಸುವಾಗ ಕೆನ್ನೆಯ ಪಕ್ಕದಲ್ಲೇ ಸೀಳಿತ್ತು. ಕೆನ್ನೆಯ ಮೇಲೆ ಗಾಯದ ಗೆರೆ ಉಳಿದಿತ್ತು. ಉಳಿಯಕ್ಕ ಹನ್ನೊಂದು ವರ್ಷ ಒಣಗಿದ ಮರ ತೆಗೆದು ಕೂತಳು. ತೋಡು ಮುಕ್ಕಾಲು ಮುಗಿಯಿತು. ನಳಿಗೆಯ ಹಿಂತುದಿ ಕೂರುವ ಜಾಗ ಮಾತ್ರ ಬಾಕಿ. ಗುಂಡಿನ ಪೆಟ್ಟನ್ನೆಲ್ಲ ತಾಳಿಕೊಳ್ಳಬೇಕಾದದ್ದು ಆ ಜಾಗವೇ. ಅಷ್ಟರಲ್ಲಿ ತಂಗಿಗೆ ಹೆರಿಗೆಯಾಯಿತೆಂದು ಸುದ್ದಿ ಬಂತು. ನಾಲ್ಕು ದಿನ ಹೋಗಿಬಂದಳು.

ಬಂದು ನೋಡಿದರೆ ಬಂದೂಕು ಎಣ್ಣೆ ಉಜ್ಜಿಸಿಕೊಂಡು ಮದುವಣಗಿತ್ತಿಯಂತೆ ಗೋಡೆಗೆ ಒರಗಿ ನಿಂತಿತ್ತು. ಅತ್ತಿಗೆಗೆ ಯಾಕೆ ತೊಂದರೆ ಎಂದು ನಾನೇ ಮುಗಿಸಿದೆ, ಕಾವಲಿನವನು ಮಧ್ಯಾಹ್ನ ಬರುತ್ತಾನೆ, ಎಂದ ಮೈದುನ. ಅವಳು ಕೈಚೀಲವನ್ನೂ ಇಳಿಸದೆ ತಿರುಪು ಬಿಚ್ಚಿ ನಳಿಗೆ ಎತ್ತಿದಳು. ಹಿಂತುದಿಯ ಜಾಗ ಕಪ್ಪಗಿತ್ತು. ಒಂದು ಚುಕ್ಕೆಯೂ ಇಲ್ಲ, ಬರೀ ಕಪ್ಪು. ಬೆಳಕಿಗೆ ಹಿಡಿದಾಗ ಆ ಕಪ್ಪಿನಲ್ಲಿ ಬೆರಳ ತುದಿಯ ಗೆರೆಗಳು ಸುಳಿಸುಳಿಯಾಗಿ ಕಂಡವು. ಬಟ್ಟೆಯಿಂದ ಒರೆಸಿದಳು. ಕೆಳಗೆ ಉಪ್ಪುಕಾಗದದಿಂದ ಉಜ್ಜಿ ಹಳ್ಳ ಮಾಡಿದ ಮರ. ನಳಿಗೆ ಕೂತರೂ ಉಗುರು ತೂರುವಷ್ಟು ಸಂದು ಉಳಿಯುವಂತಿತ್ತು. ಅದರ ಪಕ್ಕದಲ್ಲೇ ಮಾವನ ಗುರುತು.

"ಒಳಗೆ ಯಾರು ಇಣುಕಿ ನೋಡ್ತಾರೆ ಅತ್ತಿಗೆ?" ಎಂದ ಮೈದುನ.

"ಗುಂಡು ನೋಡತ್ತೆ. ಅವನ ಇನ್ನೊಂದು ಕೆನ್ನೆ ಉಳಿದಿದೆಯಲ್ಲ, ಅದನ್ನೂ ಸೀಳಿಸಬೇಕು ಅಂತಿದ್ದೀಯಾ?"

ಅಚ್ಚಿನ ಪೆಟ್ಟಿಗೆಯ ಕೀಲಿ ಇದ್ದದ್ದು ಮಾವನ ಬಳಿ. ಅವಳು ಮಾವ ಕೂತಿದ್ದ ಬಾಗಿಲ ಪಕ್ಕದ ಸ್ಟೂಲಿನತ್ತ ತಿರುಗಿದಳು. ಮಸಿ ತುಂಬ ಬಿದ್ದಿದೆ ಎಂದು ಮಗ ಹೇಳಿದ, ಅಚ್ಚು ಕೊಟ್ಟೆ, ಎಂದರು ಮಾವ.

"ಕಣ್ಣು ಹೋಗಿದೆ ಮಾವ, ಒಪ್ಪಿದೆ. ಬೆರಳಿಗೆ ಏನಾಗಿತ್ತು?"

"ಅವನು ಮೊದಲನೇ ಸಲ ಮರ ಮುಟ್ಟಿದ್ದ ಕಣಮ್ಮ. ಬೆರಳಿಟ್ಟು ನೋಡೋಕೆ ಮನಸ್ಸು ಬರಲಿಲ್ಲ."

"ನಾನು ಮೊದಲನೇ ಸಲ ಮುಟ್ಟಿದಾಗ ಬಂದಿತ್ತಲ್ಲ."

ಸಿಟ್ಟು ಒಳ್ಳೆಯದಲ್ಲ ಎಂದು ದಿನವೂ ದೇವರ ಮುಂದೆ ಹೇಳಿಕೊಳ್ಳುವವಳು ನಾನು. ಆದರೆ ಉಳಿಯಕ್ಕ ಇದನ್ನು ನನಗೆ ಹೇಳಿದ ದಿನ, ಸಮಾಧಾನ ಮಾಡಿಕೋ ಎನ್ನಲು ನನಗೆ ಬಾಯಿ ಬರಲಿಲ್ಲ.

ಕಾವಲಿನವನು ಬಂದಾಗ ಮೈದುನ ಹಲ್ಲು ಕಿರಿದು ಕುರ್ಚಿ ಎಳೆದುಕೊಟ್ಟ. ಉಳಿಯಕ್ಕ ಹಿಡಿಯನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ, ಅವನ ಕಣ್ಣೆದುರೇ ಗರಗಸ ಹಾಕಿ ಎರಡು ತುಂಡು ಮಾಡಿದಳು. ಮೈದುನ ತಡೆಯಲು ಬಂದವನು ಅವಳ ಮುಖ ನೋಡಿ ಹಿಂದೆ ಸರಿದ. ನಲವತ್ತು ದಿನ ಬೇಕು ಎಂದಳು ಅವಳು. ಕಾವಲಿನವನು ಕೆನ್ನೆ ಸವರಿಕೊಂಡು, ಐವತ್ತಾದರೂ ಆಗಲಿ ಎಂದ.

ಅವಳು ತುಂಡುಗಳನ್ನು ಮೈದುನನ ಕೈಗಿಟ್ಟಳು. "ಒಲೆಗೆ ನೀನೇ ಹಾಕು."

ಅವನು ಅಪ್ಪನ ಮುಖ ನೋಡಿದ. "ಹಾಕು," ಎಂದರು ಮಾವ.

ಹೊಸ ಹಿಡಿ ಮುಗಿಯಲು ನಲವತ್ತೆಂಟು ದಿನ ಹಿಡಿಯಿತು. ಆ ದಿನಗಳಲ್ಲಿ ಮಾವನಿಗೆ ಊಟ, ಬಿಸಿನೀರು ಒಂದೂ ತಪ್ಪಲಿಲ್ಲ. ಮಾತು ಮಾತ್ರ ಇರಲಿಲ್ಲ. ತೋಡಿನಲ್ಲಿ ಚುಕ್ಕೆ ತುಂಬಿದ ದಿನ ಅವರಾಗಿಯೇ ತಡವರಿಸುತ್ತ ಬಂದು, ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದರು. ಆಮೇಲೆ ಅಚ್ಚನ್ನು ಮುಂದೆ ಚಾಚಿದರು.

ಅವಳು ಮಸಿಗೈಯನ್ನು ಬಟ್ಟೆಗೆ ಒರೆಸಿಕೊಂಡಳು, ಅಚ್ಚು ಮುಟ್ಟಲಿಲ್ಲ.

"ಅದು ನಿಮ್ಮ ಮಗನ ಕೆಲಸದ ಮೇಲೆ ಬಿದ್ದಾಯ್ತು ಮಾವ. ನನ್ನದಕ್ಕೆ ಬೇಡ."

ಗುರುತಿಲ್ಲದ ಬರಿಯ ತೋಡಿನಲ್ಲೇ ನಳಿಗೆ ಕೂರಿಸಿ ತಿರುಪು ಬಿಗಿದಳು. ಮಾವ ಚಾಚಿದ ಕೈಯನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.